ಬಾವಂಚಿಯೂ ಅಜ್ಞಾತಫಲವೂ: ಲೇಪದ್ರವ್ಯಗಳನ್ನು ಕುರಿತ ಹಳೆಯ ಎಚ್ಚರ

ಪ್ರಾಚೀನ ಕನ್ನಡ ಗ್ರಂಥಗಳ ಸಂಪಾದಿತ ಆವೃತ್ತಿಗಳನ್ನು ಓದುವವರಿಗೆ ಒಂದು ಅರ್ಥವಿವರಣೆ ಬಹು ಪರಿಚಿತವಾದುದು: 'ಒಂದು ಬಗೆಯ ಗಿಡ'. ಕಾವ್ಯದ ವನವರ್ಣನೆಯಲ್ಲಿ ಇದರಿಂದ ದೊಡ್ಡ ನಷ್ಟವೇನೂ ಆಗದು. ಹತ್ತು ಮರಗಳ ಹೆಸರಿನ ನಡುವೆ ಒಂದರ ಗುರುತು ತಿಳಿಯದಿದ್ದರೂ ವರ್ಣನೆಯ ಸೊಗಸು ಉಳಿಯುತ್ತದೆ. ಆದರೆ ವೈದ್ಯ, ವಿಷವೈದ್ಯ, ಗಂಧಯುಕ್ತಿಗಳಂತಹ ಶಾಸ್ತ್ರಗ್ರಂಥಗಳಲ್ಲಿ ಗಿಡದ ಹೆಸರೇ ಪದ್ಯದ ಜೀವ. ಅಲ್ಲಿ 'ಒಂದು ಬಗೆಯ ಗಿಡ' ಎಂದು ಬರೆದು ಮುಂದೆ ಸಾಗುವುದು ಪಠ್ಯವನ್ನು ಅರ್ಧಕ್ಕೆ ಕೈಬಿಟ್ಟಂತೆ. ಈ ಮಾತು ನನಗೆ ಮನವರಿಕೆಯಾದದ್ದು ಪುಸ್ತಕದಿಂದಲ್ಲ, ವಿದ್ಯಾರ್ಥಿನಿಯೊಬ್ಬಳ ಮುಖದಿಂದ.

ಹಳಗನ್ನಡ ವೈದ್ಯಗ್ರಂಥಗಳ ಮೇಲೆ ಕಿರುಪ್ರಬಂಧ ಸಿದ್ಧಪಡಿಸುತ್ತಿದ್ದ ಆಕೆ ಒಮ್ಮೆ 'ಬಾವಂಚಿ' ಎಂಬ ಪದದ ಅರ್ಥ ಕೇಳಿದ್ದಳು. ನಾನು ಅರ್ಥಕೋಶ ನೋಡಿ 'ಚರ್ಮರೋಗಕ್ಕೆ ಬಳಸುವ ಒಂದು ಬಗೆಯ ಗಿಡ' ಎಂದು ಹೇಳಿ ಸುಮ್ಮನಾದೆ. ಕೆಲವು ತಿಂಗಳ ಮೇಲೆ ಆಕೆ ಹಣೆ ಮತ್ತು ಕೆನ್ನೆಗಳ ಮೇಲೆ ಕಪ್ಪು ಕಲೆಗಳನ್ನು ಹೊತ್ತು ತರಗತಿಗೆ ಬಂದಳು. 'ಸಂಪೂರ್ಣ ಸಸ್ಯಜನ್ಯ' ಎಂಬ ಭರವಸೆಯೊಡನೆ ಮಾರಾಟವಾಗುತ್ತಿದ್ದ ಬಾವಂಚಿಯ ಎಣ್ಣೆಯನ್ನು ತರಿಸಿಕೊಂಡು ಮುಖಕ್ಕೆ ಹಚ್ಚಿಕೊಂಡಿದ್ದಳು. ಅದೇ ದಿನ ಕಾಲೇಜಿನ ಕ್ರೀಡಾಕೂಟದ ಬಿಸಿಲಿನಲ್ಲಿ ಮಧ್ಯಾಹ್ನದವರೆಗೆ ನಿಂತಿದ್ದಳು. ಮರುದಿನ ಮುಖ ಕೆಂಪೇರಿ, ಅದರ ಮಾರನೆಯ ದಿನ ಬೊಬ್ಬೆಗಳೆದ್ದವು. ಚರ್ಮವೈದ್ಯರು ಇದು ಎಣ್ಣೆ ಮತ್ತು ಬಿಸಿಲು ಕೂಡಿ ಆದ ಸುಟ್ಟಗಾಯವೆಂದು ತಿಳಿಸಿದರಂತೆ. "ಸರ್, ಗ್ರಂಥದಲ್ಲಿ ಇದನ್ನು ಅಷ್ಟೊಂದು ಹೊಗಳಿದ್ದಾರಲ್ಲ?" ಎಂದು ಆಕೆ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಗ್ರಂಥ ಹೊಗಳಿದ್ದು ನಿಜ. ಹೊಗಳಿಕೆಯ ಜೊತೆಗೆ ಅದು ಮತ್ತೇನು ಹೇಳಿತ್ತು ಎಂಬುದನ್ನು ನಾನು ಹುಡುಕಿರಲಿಲ್ಲ. ಈ ಲೇಖನ ಆ ಹುಡುಕಾಟದ ಫಲ.

ಗಿಡಮೂಲಿಕೆಯಾದುದರಿಂದ ಅಪಾಯವಿಲ್ಲ ಎಂಬ ನಂಬಿಕೆಯನ್ನು ಇಂದು ಪ್ರಾಚೀನರ ಹೆಸರಿಗೆ ಅಂಟಿಸಲಾಗುತ್ತಿದೆ. ಪ್ರಾಚೀನ ಗ್ರಂಥಗಳಲ್ಲಿ ಈ ನಂಬಿಕೆಗೆ ಆಧಾರವಿಲ್ಲ. ಭಾರತೀಯ ವೈದ್ಯಶಾಸ್ತ್ರ ವಿಷವನ್ನು ಮೊದಲಿಗೆ ಸ್ಥಾವರ, ಜಂಗಮ ಎಂದು ಎರಡಾಗಿ ವಿಂಗಡಿಸುತ್ತದೆ. ಜಂಗಮವೆಂದರೆ ಹಾವು, ಚೇಳು ಮೊದಲಾದವುಗಳ ವಿಷ. ಸ್ಥಾವರವೆಂದರೆ ಬಹುಮಟ್ಟಿಗೆ ಸಸ್ಯವಿಷ. ಸುಶ್ರುತಸಂಹಿತೆಯ ಕಲ್ಪಸ್ಥಾನ ಸ್ಥಾವರವಿಷಕ್ಕೆ ಹತ್ತು ನೆಲೆಗಳನ್ನು ಹೇಳುತ್ತದೆ: ಬೇರು, ಎಲೆ, ಹಣ್ಣು, ಹೂ, ತೊಗಟೆ, ಹಾಲು, ಸಾರ, ಅಂಟು, ಧಾತು ಮತ್ತು ಗೆಡ್ಡೆ. ಹತ್ತರಲ್ಲಿ ಒಂಬತ್ತು ಸಸ್ಯದ ಅಂಗಗಳೇ. ಗಿಡದ ಯಾವ ಭಾಗವನ್ನೂ ಶಾಸ್ತ್ರಕಾರರು ಸಂದೇಹದಿಂದ ಹೊರಗಿಟ್ಟಿಲ್ಲ.

ಅದೇ ಕಲ್ಪಸ್ಥಾನದ ಮೊದಲ ಅಧ್ಯಾಯ ಅರಸನ ಅನ್ನಪಾನಗಳ ರಕ್ಷಣೆಗೆ ಮೀಸಲಾದುದು. ವಿಷ ಬೆರೆಯಬಹುದಾದ ಪದಾರ್ಥಗಳ ಪಟ್ಟಿಯಲ್ಲಿ ಅನ್ನ, ನೀರುಗಳ ಜೊತೆಗೆ ಹಲ್ಲುಕಡ್ಡಿ, ಅಭ್ಯಂಗದ ಎಣ್ಣೆ, ಮೈಗೆ ತಿಕ್ಕುವ ಪುಡಿ, ಸ್ನಾನದ ನೀರು, ಮೈಪೂಸುವ ಗಂಧ, ಹೂಮಾಲೆ, ಮುಖಲೇಪ, ಕಣ್ಣಿನ ಕಪ್ಪು ಎಲ್ಲವೂ ಸೇರಿವೆ. ವಿಷ ಬೆರೆತ ಎಣ್ಣೆ ಜಿಗುಟಾಗಿ ಬಣ್ಣಗೆಡುವುದನ್ನೂ, ಅದನ್ನು ಪೂಸಿಕೊಂಡವರಿಗೆ ಬೊಬ್ಬೆ, ಸ್ರಾವ, ಚರ್ಮದ ಕೀವು, ಜ್ವರ ಕಾಣಿಸಿಕೊಳ್ಳುವುದನ್ನೂ ಅಲ್ಲಿ ವಿವರಿಸಲಾಗಿದೆ. ವಿಷಯುಕ್ತ ಮುಖಲೇಪದಿಂದ ಮುಖ ಕಪ್ಪಿಟ್ಟು, ತಾವರೆಯ ದಂಟಿನ ಮುಳ್ಳುಗಳಂತಹ ಗುಳ್ಳೆಗಳು ಏಳುತ್ತವೆ. ಇಲ್ಲಿನ ಸಂದರ್ಭ ಶತ್ರುಗಳ ಸಂಚಿಗೆ ಸೇರಿದ್ದು, ಅಜಾಗರೂಕತೆಗೆ ಸೇರಿದ್ದಲ್ಲ. ಆದರೂ ಚರ್ಮವೂ ವಿಷ ಒಳಸೇರುವ ಒಂದು ದಾರಿ, ಪ್ರಸಾಧನದ ಬಟ್ಟಲನ್ನೂ ಅನ್ನದ ತಟ್ಟೆಯಷ್ಟೇ ಪರೀಕ್ಷಿಸಬೇಕು ಎಂಬ ತಿಳಿವಳಿಕೆ ಸ್ಪಷ್ಟವಾಗಿದೆ.

ಕನ್ನಡ ನಾಡಿನ ಜೈನ ವೈದ್ಯಪರಂಪರೆಯಲ್ಲಿ ಈ ಎಚ್ಚರಕ್ಕೆ ವಿಶೇಷ ಸ್ಥಾನವಿದೆ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ಕಲ್ಯಾಣಕಾರಕವು ಮದ್ಯ, ಮಾಂಸ, ಮಧುಗಳನ್ನು ಔಷಧದಿಂದ ಕೈಬಿಟ್ಟ ಗ್ರಂಥ. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು. ಪ್ರಾಣಿಜನ್ಯ ದ್ರವ್ಯಗಳನ್ನು ಹೀಗೆ ತ್ಯಜಿಸುವ ಪರಂಪರೆ ಸಸ್ಯಗಳನ್ನು ಇತರರಿಗಿಂತ ಹೆಚ್ಚಾಗಿ ನೆಚ್ಚಬೇಕಾಗುತ್ತದೆ. ಅದೇ ಪರಂಪರೆಯಿಂದ 14ನೆಯ ಶತಮಾನದಲ್ಲಿ ಒಂದನೆಯ ಮಂಗರಾಜನ ಖಗೇಂದ್ರಮಣಿದರ್ಪಣ ಹೊರಬಂದಿತು. ಪೂಜ್ಯಪಾದರ ವೈದ್ಯವನ್ನು ಆಧಾರವಾಗಿಟ್ಟುಕೊಂಡ ಈ ಕೃತಿ ಕನ್ನಡದ ಹಿರಿಯ ವಿಷವೈದ್ಯಗ್ರಂಥ. ಗಿಡವನ್ನು ಬಹುವಾಗಿ ನಂಬಿದವರು ಗಿಡದ ವಿಷವನ್ನು ಮರೆಯಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ಧರ್ಮಗ್ರಂಥಗಳಲ್ಲಿಯೂ ಇದೇ ಎಳೆ ಕಾಣುತ್ತದೆ. ಉಪಾಸಕದಶಾಂಗದ ಆನಂದ ಶ್ರಾವಕನು ವ್ರತ ಸ್ವೀಕರಿಸುವಾಗ ತನ್ನ ಭೋಗೋಪಭೋಗಗಳಿಗೆ ಎಲ್ಲೆ ಹಾಕಿಕೊಳ್ಳುತ್ತಾನೆ. ಅಭ್ಯಂಗಕ್ಕೆ ಶತಪಾಕ, ಸಹಸ್ರಪಾಕ ಎಂಬ ಎಣ್ಣೆಗಳ ಹೊರತು ಬೇರೆ ಎಣ್ಣೆ ಬೇಡ. ಮೈಗೆ ತಿಕ್ಕಲು ಒಂದೇ ಬಗೆಯ ಸುಗಂಧದ ಹಿಟ್ಟು. ಲೇಪನಕ್ಕೆ ಅಗುರು, ಕುಂಕುಮಕೇಸರಿ, ಚಂದನಗಳಷ್ಟೇ. ಇದರ ಉದ್ದೇಶ ಅಪರಿಗ್ರಹ, ಚರ್ಮರಕ್ಷಣೆಯಲ್ಲ. ಆದರೆ ಇದರ ಫಲವಾಗಿ ಅವನ ಮೈಗೆ ತಗಲುವ ವಸ್ತುಗಳು ಎಣಿಕೆಗೆ ಸಿಗುತ್ತವೆ, ಪ್ರತಿಯೊಂದಕ್ಕೂ ಗೊತ್ತಾದ ಒಂದು ಹೆಸರಿರುತ್ತದೆ.

ಹೆಸರಿನ ಮಹತ್ವವನ್ನು ಇನ್ನೂ ಚೆನ್ನಾಗಿ ತೋರಿಸುವುದು ಅಜ್ಞಾತಫಲದ ನಿಯಮ. ಜೈನರ ಇಪ್ಪತ್ತೆರಡು ಅಭಕ್ಷ್ಯಗಳಲ್ಲಿ ಗುರುತಿಲ್ಲದ ಹಣ್ಣೂ ಒಂದು. ಶ್ವೇತಾಂಬರ ಕಥಾಪರಂಪರೆಯ ವಂಕಚೂಲನು ಅರಸುಮಗನಾಗಿ ಹುಟ್ಟಿ ಕಳ್ಳರ ಒಡೆಯನಾದವನು. ಅವನ ಹಳ್ಳಿಯಲ್ಲಿ ಚಾತುರ್ಮಾಸ ಕಳೆದ ಆಚಾರ್ಯರು ಹೊರಡುವಾಗ ಅವನಿಗೆ ಕೊಟ್ಟ ನಾಲ್ಕು ನಿಯಮಗಳಲ್ಲಿ ಹೆಸರು ತಿಳಿಯದ ಹಣ್ಣನ್ನು ತಿನ್ನಬಾರದೆಂಬುದು ಒಂದು. ಮುಂದೆ ಕಾಡಿನಲ್ಲಿ ಹಸಿದ ಸಂಗಾತಿಗಳು ಅಂದವಾದ ಹಣ್ಣುಗಳನ್ನು ತಂದಾಗ ವಂಕಚೂಲ ಇದರ ಹೆಸರೇನೆಂದು ಕೇಳುತ್ತಾನೆ. ಯಾರಿಗೂ ಗೊತ್ತಿರುವುದಿಲ್ಲ. ಅವನು ತಿನ್ನುವುದಿಲ್ಲ, ತಿಂದವರು ಸಾಯುತ್ತಾರೆ. ಅದು ಕಿಂಪಾಕಫಲ. ನೋಟಕ್ಕೂ ರುಚಿಗೂ ಮನೋಹರವಾಗಿದ್ದು ಅರಗುವ ಹೊತ್ತಿಗೆ ಕೊಲ್ಲುವ ಈ ಹಣ್ಣನ್ನು ಉತ್ತರಾಧ್ಯಯನಸೂತ್ರ ವಿಷಯಸುಖಕ್ಕೆ ಹೋಲಿಸುತ್ತದೆ. ಈ ನಿಯಮ ಎಲ್ಲ ಹಣ್ಣನ್ನೂ ನಿಷೇಧಿಸುವುದಿಲ್ಲ. ಬಳಸುವ ಮೊದಲು ಕೇಳಲೇಬೇಕಾದ ಒಂದು ಪ್ರಶ್ನೆಯನ್ನು ಮಾತ್ರ ಕಲಿಸುತ್ತದೆ.

ಆ ಪ್ರಶ್ನೆಯನ್ನು ಈಗ ಬಾವಂಚಿಗೆ ಕೇಳೋಣ. ಸಂಸ್ಕೃತದಲ್ಲಿ ಬಾಕುಚೀ, ಅವಲ್ಗುಜ, ಸೋಮರಾಜೀ, ಕುಷ್ಠಘ್ನೀ, ಪೂತಿಫಲೀ ಎಂಬ ಹೆಸರುಗಳು ಇದಕ್ಕಿವೆ. ಸಸ್ಯಶಾಸ್ತ್ರಜ್ಞರು ಸೊರಾಲಿಯ ಕೋರಿಲಿಫೋಲಿಯ ಎನ್ನುತ್ತಾರೆ. ಮೊಣಕಾಲೆತ್ತರದಿಂದ ಆಳೆತ್ತರದವರೆಗೆ ಬೆಳೆಯುವ, ಕಪ್ಪನೆಯ ಸಣ್ಣ ಕಾಯಿ ಬಿಡುವ ಈ ಗಿಡ ಶ್ವಿತ್ರ ಅಥವಾ ತೊನ್ನಿನ ಚಿಕಿತ್ಸೆಯಲ್ಲಿ ಪ್ರಸಿದ್ಧ. ಗ್ರಂಥಗಳ ಹೊಗಳಿಕೆ ಬಹುಪಾಲು ಈ ಸಂದರ್ಭದ್ದೇ. ಬಿಳುಪಾದ ಚರ್ಮಕ್ಕೆ ಮತ್ತೆ ಬಣ್ಣ ಬರಿಸುವುದು ಅದರ ಕೆಲಸ. ಆರೋಗ್ಯವಂತರ ಮುಖಕ್ಕೆ ಕಾಂತಿ ತರುವ ಲೇಪವೆಂದು ಅದನ್ನು ಭಾವಿಸುವುದು ಗ್ರಂಥದ ಉದ್ದೇಶವನ್ನೇ ಬದಲಿಸಿದಂತೆ.

ಇದಕ್ಕಿಂತ ಮುಖ್ಯವಾದುದು ಚರಕಸಂಹಿತೆಯ ಚಿಕಿತ್ಸಾಸ್ಥಾನ ವಿವರಿಸುವ ಶ್ವಿತ್ರಚಿಕಿತ್ಸೆಯ ಕ್ರಮ. ಅಲ್ಲಿ ರೋಗಿಗೆ ಮೊದಲು ಸ್ನೇಹನ ಮಾಡಿಸಿ, ಮಲಪೂ ಎಂಬ ಅತ್ತಿಯ ಕುಲದ ಮರದ ರಸವನ್ನು ಬೆಲ್ಲದೊಡನೆ ಕುಡಿಸಿ, ಸಹಿಸುವಷ್ಟು ಬಿಸಿಲಿನಲ್ಲಿ ಕೂರಿಸುತ್ತಾರೆ. ಬಳಿಕ ಮೂರು ದಿನ ಗಂಜಿಯ ಆಹಾರ. ಬಿಳಿಕಲೆಗಳ ಮೇಲೆ ಬೊಬ್ಬೆಗಳೆದ್ದರೆ ಅವನ್ನು ಮುಳ್ಳಿನಿಂದ ಚುಚ್ಚಿ ನೀರು ತೆಗೆಯಬೇಕು. ಮಲಪೂವಿನಲ್ಲಿಯೂ ಬಾವಂಚಿಯಲ್ಲಿರುವ ಜಾತಿಯ ರಾಸಾಯನಿಕವೇ ಇದೆಯೆಂಬುದು ಇಂದು ತಿಳಿದಿದೆ. ನನ್ನ ವಿದ್ಯಾರ್ಥಿನಿ ಅನಿರೀಕ್ಷಿತವಾಗಿ ಕಂಡ ಬೊಬ್ಬೆಯನ್ನು ಆ ಗ್ರಂಥಕಾರ ನಿರೀಕ್ಷಿಸಿದ್ದ. ಚಿಕಿತ್ಸೆಯ ಒಂದು ಹಂತವಾಗಿ ಅದನ್ನು ಎಣಿಸಿದ್ದ, ಅದು ಎದ್ದಾಗ ಏನು ಮಾಡಬೇಕೆಂದೂ ಬರೆದಿಟ್ಟಿದ್ದ. ಔಷಧ, ಬಿಸಿಲು, ಬೊಬ್ಬೆ, ಆರೈಕೆ, ಪಥ್ಯ ಇವು ಒಂದೇ ಸರಪಳಿಯ ಕೊಂಡಿಗಳು. ಇಂದಿನ ಸೀಸೆಯಲ್ಲಿ ಉಳಿದಿರುವುದು ಮೊದಲನೆಯ ಕೊಂಡಿ ಮಾತ್ರ. ಬಾವಂಚಿಯ ಬೀಜವನ್ನು ಬಳಸುವ ಮೊದಲು ಏಳು ದಿನ ಗೋಮೂತ್ರದಲ್ಲಿಯೋ ಹಸಿಶುಂಠಿಯ ರಸದಲ್ಲಿಯೋ ನೆನೆಸಿ ಶೋಧಿಸಬೇಕೆಂಬ ವೈದ್ಯರ ಕಟ್ಟಳೆಯೂ ಕೊಂಡಿ ಕಳಚಿದೆ.

ಬಾವಂಚಿಯ ಈ ಗುಣದ ಮೂಲವನ್ನು ಹೊರತೆಗೆದ ಕೀರ್ತಿಯಲ್ಲಿ ಕನ್ನಡನಾಡಿಗೆ ಪಾಲಿದೆ. 1933ರಲ್ಲಿ ಎಚ್. ಎಸ್. ಜೋಯಿಸ್, ಬಿ. ಎಲ್. ಮಂಜುನಾಥ್ ಮತ್ತು ಎಸ್. ವೆಂಕಟರಾವ್ ಬಾವಂಚಿಯ ಬೀಜದಿಂದ ಸೊರಾಲೆನ್ ಎಂಬ ವಸ್ತುವನ್ನು ಬೇರ್ಪಡಿಸಿ ಭಾರತೀಯ ರಸಾಯನ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಮಂಜುನಾಥರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅಧ್ಯಾಪಕರಾಗಿದ್ದವರು. ಸೊರಾಲೆನ್ ಸ್ವತಃ ಚರ್ಮವನ್ನು ಸುಡುವುದಿಲ್ಲ. ಬಿಸಿಲಿನಲ್ಲಿರುವ, 320ರಿಂದ 400 ನ್ಯಾನೋಮೀಟರ್ ಅಲೆಯುದ್ದದ ಅತಿನೇರಳೆ ಕಿರಣ ಬಿದ್ದಾಗ ಅದು ಚರ್ಮಕೋಶದ ಡಿಎನ್‌ಎಯೊಡನೆ ಬೆಸೆದುಕೊಳ್ಳುತ್ತದೆ. ಕೆಂಪು, ಉರಿ, ಬೊಬ್ಬೆಗಳು ಸಾಮಾನ್ಯವಾಗಿ ಒಂದು ದಿನ ಕಳೆದು ಕಾಣಿಸಿಕೊಂಡು ಎರಡು ಮೂರು ದಿನಗಳಲ್ಲಿ ತೀವ್ರವಾಗುತ್ತವೆ. ಆಮೇಲೆ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಈ ವಿಳಂಬವೇ ಅಪಾಯಕಾರಿ. ಹಚ್ಚಿದ ಕೂಡಲೇ ಉರಿಯದ ಎಣ್ಣೆಯನ್ನು ಯಾರೂ ಸಂಶಯಿಸುವುದಿಲ್ಲ.

ಇದೇ ಗುಣ ಎಚ್ಚರದಿಂದ ಬಳಸಿದಾಗ ಔಷಧವಾಯಿತು. 13ನೆಯ ಶತಮಾನದ ಇಬ್ನ್ ಅಲ್ ಬೈತಾರ್ ತನ್ನ ಅರಬ್ಬಿ ಗ್ರಂಥದಲ್ಲಿ ಆಮ್ಮಿ ಮೇಜಸ್ ಎಂಬ ಬೇರೊಂದು ಗಿಡದ ಬೀಜವನ್ನು ಕೊಟ್ಟು ರೋಗಿಯನ್ನು ಬಿಸಿಲಿಗೆ ಒಡ್ಡುವ ತೊನ್ನಿನ ಚಿಕಿತ್ಸೆಯನ್ನು ವರ್ಣಿಸಿದ್ದಾನೆ. 1940ರ ದಶಕದಲ್ಲಿ ಈಜಿಪ್ಟಿನ ವೈದ್ಯ ಎಲ್ ಮೋಫ್ತಿ ಅದೇ ಗಿಡದಿಂದ ಬೇರ್ಪಡಿಸಿದ ಸೊರಾಲೆನ್ ವರ್ಗದ ವಸ್ತುವನ್ನು ರೋಗಿಗಳ ಮೇಲೆ ಪರೀಕ್ಷಿಸಿದರು. 1974ರಲ್ಲಿ ಅಮೆರಿಕದ ವೈದ್ಯರು ಅಳತೆಯ ಕಿರಣದೊಡನೆ ಇದನ್ನು ಸೋರಿಯಾಸಿಸ್ ರೋಗಕ್ಕೆ ಬಳಸಿ ಪ್ರಕಟಿಸಿದ ಮೇಲೆ ಈ ಪದ್ಧತಿ ಜಗತ್ತಿನ ಚರ್ಮರೋಗ ಆಸ್ಪತ್ರೆಗಳಿಗೆ ಹಬ್ಬಿತು. ದೀರ್ಘಕಾಲದ ಬಳಕೆಯಿಂದ ಚರ್ಮದ ಕ್ಯಾನ್ಸರಿನ ಸಾಧ್ಯತೆ ಹೆಚ್ಚುವುದೂ ಖಚಿತಪಟ್ಟಿತು. ಆದುದರಿಂದಲೇ ಅಲ್ಲಿ ಔಷಧದ ತೂಕಕ್ಕೂ ಬೆಳಕಿನ ನಿಮಿಷಕ್ಕೂ ಲೆಕ್ಕವಿಡುತ್ತಾರೆ.

ಈಗಿನ ಪ್ರಸಾಧನಗಳಲ್ಲಿ ಹೆಸರಾಗಿರುವ ಬಾಕುಚಿಯಾಲ್ ಬಾವಂಚಿಯದೇ ಇನ್ನೊಂದು ವಸ್ತು. 1966ರಲ್ಲಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಮೆಹ್ತಾ, ನಾಯಕ್ ಮತ್ತು ಸುಖದೇವ್ ಇದನ್ನು ವರ್ಣಿಸಿದರು. 2019ರಲ್ಲಿ ಬ್ರಿಟಿಷ್ ಚರ್ಮರೋಗಶಾಸ್ತ್ರ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು 44 ಜನರ ಮೇಲೆ 12 ವಾರ ಪರೀಕ್ಷಿಸಿ, ಸುಕ್ಕು ಮತ್ತು ಕಲೆಗಳಿಗೆ ಇದು ರೆಟಿನಾಲಿಗೆ ಸಮನಾಗಿ ಫಲಕೊಟ್ಟಿತೆಂದೂ ಚರ್ಮದ ಸಿಪ್ಪೆ ಏಳುವುದು, ಚುಚ್ಚುವುದು ರೆಟಿನಾಲ್ ಬಳಸಿದವರಲ್ಲೇ ಹೆಚ್ಚೆಂದೂ ತಿಳಿಸಿತು. ಬಾಕುಚಿಯಾಲ್ ಸೊರಾಲೆನ್ ವರ್ಗಕ್ಕೆ ಸೇರಿದ್ದಲ್ಲ. ಅದನ್ನು ಚೆನ್ನಾಗಿ ಶುದ್ಧೀಕರಿಸಿದ್ದರೆ ಬಿಸಿಲಿನ ಈ ದೋಷ ಅದಕ್ಕಿಲ್ಲ. ಕೆಲವರ ಚರ್ಮಕ್ಕೆ ಅದೂ ಒಗ್ಗದಿರುವುದುಂಟು, ಅದು ಬೇರೆ ಮಾತು. ಆದರೆ ಬಾವಂಚಿಯ ಎಣ್ಣೆ, ಬೀಜದ ಕಚ್ಚಾ ಸಾರ, ಬೀಜದ ಪುಡಿ ಇವುಗಳಲ್ಲಿ ಎರಡು ವಸ್ತುಗಳೂ ಜೊತೆಗಿರುತ್ತವೆ. ಒಂದರ ಮೇಲೆ ನಡೆದ ಪರೀಕ್ಷೆಯ ಪ್ರಶಸ್ತಿಯನ್ನು ಇನ್ನೊಂದಕ್ಕೆ ತೊಡಿಸಿ ಮಾರುವುದಕ್ಕೆ ಹೆಸರಿನ ಹೋಲಿಕೆಯೊಂದೇ ಸಾಕಾಗುತ್ತದೆ. ವಿದ್ಯಾರ್ಥಿನಿ ಮೋಸಹೋದದ್ದು ಇಲ್ಲಿಯೇ. ಆಕೆ ಓದಿದ್ದು ಬಾಕುಚಿಯಾಲಿನ ವಿಚಾರ, ಹಚ್ಚಿಕೊಂಡದ್ದು ಬಾವಂಚಿಯ ಎಣ್ಣೆ.

ಇದು ನಮ್ಮ ನಾಡಿನ ಗಿಡಕ್ಕೆ ಮಾತ್ರ ತಗಲಿದ ದೋಷವೆಂದು ಭಾವಿಸಬೇಕಾಗಿಲ್ಲ. ಯೂರೋಪಿನ ಕಲೋನ್ ಜಲಕ್ಕೆ ಪರಿಮಳ ಕೊಡುವ ಬರ್ಗಮಾಟ್ ಹಣ್ಣಿನ ಸಿಪ್ಪೆಯ ಎಣ್ಣೆಯಲ್ಲಿಯೂ ಇದೇ ವರ್ಗದ ವಸ್ತುವಿದೆ. ಕುತ್ತಿಗೆಗೆ ಪೂಸಿಕೊಂಡ ಸುಗಂಧ ಹರಿದ ಜಾಡಿನಲ್ಲೇ ಕಪ್ಪು ಗೆರೆ ಮೂಡುವುದನ್ನು 1916ರಲ್ಲಿಯೇ ವೈದ್ಯರು ಗುರುತಿಸಿದ್ದರು. ಬಿಸಿಲಿಗೆ ಹಚ್ಚುವ ಲೇಪಗಳಲ್ಲಿ ಈ ವರ್ಗದ ವಸ್ತು ಒಂದು ಕಿಲೋಗ್ರಾಮಿಗೆ 1 ಮಿಲಿಗ್ರಾಮಿಗಿಂತ ಕಡಿಮೆ ಇರಬೇಕೆಂದು ಯೂರೋಪಿನ ಒಕ್ಕೂಟ ನಿಯಮ ಮಾಡಿದೆ. ನಿಂಬೆಯ ರಸ ಹಚ್ಚಿಕೊಂಡು ಬಿಸಿಲಿಗೆ ಹೋದವರ ಕೈ ಮುಖಗಳ ಮೇಲೂ ಇಂತಹ ಕಲೆ ಬೀಳುವುದುಂಟು.

ಬಾವಂಚಿಗೆ ಪೂರಕವಾಗಿ ಇನ್ನೊಂದು ಉದಾಹರಣೆ ನೋಡಬಹುದು. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರಿನ ಬೀಜ, ಅಂದರೆ ಭಲ್ಲಾತಕ, ಚರ್ಮಕ್ಕೆ ತಾಗಿದರೆ ಹುಣ್ಣೆಬ್ಬಿಸುವುದು ಹಳ್ಳಿಯವರೆಲ್ಲರಿಗೂ ಗೊತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತದಲ್ಲಿದ್ದ ಅಮೆರಿಕದ ಸೈನಿಕರಿಗೆ ಅಗಸರ ಗುರುತು ಇದ್ದ ಜಾಗದಲ್ಲೇ ಚರ್ಮ ಕೆರಳಿದ್ದನ್ನು ಅವರ ವೈದ್ಯರು 1943ರಲ್ಲಿ ವರದಿ ಮಾಡಿದರು. ಭಲ್ಲಾತಕವನ್ನು ಬೆಂಕಿಗೆ ಹೋಲಿಸುವ ಚರಕಸಂಹಿತೆ, ವಿಧಿಯರಿತು ಬಳಸಿದರೆ ಅದು ಅಮೃತಸಮಾನವೆಂದೂ ಹೇಳುತ್ತದೆ. ಕಷಾಯ ಕುಡಿಯುವ ಮುನ್ನ ಬಾಯಿಯ ಒಳಭಾಗಕ್ಕೆ ತುಪ್ಪ ಸವರಿಕೊಳ್ಳಬೇಕೆಂದು ವಿಧಿಸುತ್ತದೆ. ನಮ್ಮ ದೇಶದ ಔಷಧ ಕಾನೂನು ಕೂಡ ಭಲ್ಲಾತಕವನ್ನು ಆಯುರ್ವೇದದ ವಿಷದ್ರವ್ಯಗಳ ಪಟ್ಟಿಯಲ್ಲಿ ಇರಿಸಿದೆ. ಹೆಸರಿನ ಜೊತೆಗೆ ಎಚ್ಚರಿಕೆಯೂ ಸಾಗಿಬಂದ ಅಪರೂಪದ ನಿದರ್ಶನವಿದು.

ಹೆಸರೂ ಯಾವಾಗಲೂ ನಂಬಿಕೆಗೆ ಅರ್ಹವಲ್ಲ. ರಾಸ್ನಾ ಎಂಬ ಹೆಸರಿಗೆ ಉತ್ತರದಲ್ಲಿ ಒಂದು ಗಿಡ, ದಕ್ಷಿಣದಲ್ಲಿ ಮತ್ತೊಂದು. ದಾರುಹರಿದ್ರಾ ಎಂದರೆ ಹಿಮಾಲಯದಲ್ಲಿ ಮುಳ್ಳಿನ ಪೊದೆ, ನಮ್ಮ ಘಟ್ಟದಲ್ಲಿ ಮರದರಿಸಿನದ ಬಳ್ಳಿ. ಮುಖಕ್ಕೆ ಹಚ್ಚುವ ಕಸ್ತೂರಿ ಅರಿಸಿನದ ಹೆಸರಿನಲ್ಲಿ ಬೇರೆ ಜಾತಿಯ ಗೆಡ್ಡೆಗಳೂ ಮಾರುಕಟ್ಟೆಯಲ್ಲಿವೆ. ಹೀಗಿರುವಾಗ ಗ್ರಂಥದ ಒಂದು ಪದ್ಯವನ್ನು ಸೀಸೆಯ ಮೇಲಿನ ಒಂದು ಪದಕ್ಕೆ ಜೋಡಿಸುವವರು ನಡುವೆ ಎಷ್ಟು ಅಂತರವಿದೆಯೆಂದು ಯೋಚಿಸಬೇಕು. ಗ್ರಂಥಕಾರನ ಗಿಡ ಅದೇ ಗಿಡವೇ? ಅದೇ ಅಂಗವೇ? ಅವನು ನೀರಿನಲ್ಲಿ ಕುದಿಸಿದ್ದನ್ನು ಇವರು ದ್ರಾವಕದಿಂದ ಹಿಂಡಿ ಹಲವು ಪಟ್ಟು ಗಟ್ಟಿ ಮಾಡಿದ್ದಾರೆಯೇ? ಕಷಾಯವೂ ಕಾರ್ಖಾನೆಯ ಸಾರವೂ ಒಂದೇ ಗಿಡದವಾದರೂ ಒಂದೇ ವಸ್ತುವಲ್ಲ.

ಪ್ರಾಚೀನರು ಎಲ್ಲವನ್ನೂ ಅರಿತಿದ್ದರೆಂದು ನಾನು ವಾದಿಸುತ್ತಿಲ್ಲ. ಬಿಸಿಲಿಗೂ ಔಷಧಕ್ಕೂ ಇರುವ ನಂಟನ್ನು ಅವರು ಕಂಡಿದ್ದರು, ಅದರ ಕಾರಣವನ್ನು ಕಂಡವರು ಇತ್ತೀಚಿನ ವಿಜ್ಞಾನಿಗಳು. ಚರ್ಮರೋಗದ ಲೇಪಗಳಲ್ಲಿ ಅವರು ಹರಿತಾಳ, ಮಣಿಶಿಲೆಗಳನ್ನೂ ಸೇರಿಸುತ್ತಿದ್ದರು. ಅವು ಆರ್ಸೆನಿಕ್ ಇರುವ ಖನಿಜಗಳು. ಇಂದು ಆ ಲೇಪಗಳನ್ನು ಯಥಾವತ್ತಾಗಿ ಮಾಡಿಕೊಳ್ಳುವುದು ಅವಿವೇಕ. ಅವರಿಂದ ಉಳಿಸಿಕೊಳ್ಳಬೇಕಾದದ್ದು ಲೇಪದ ಪಾಕಕ್ಕಿಂತ ಹೆಚ್ಚಾಗಿ ಅವರ ಪ್ರಶ್ನಿಸುವ ಕ್ರಮವನ್ನು. ಚರಕಸಂಹಿತೆಯ ಮೊದಲ ಅಧ್ಯಾಯವೇ ತಿಳಿಯದ ಔಷಧವನ್ನು ವಿಷ, ಶಸ್ತ್ರ, ಬೆಂಕಿ, ಸಿಡಿಲುಗಳಿಗೆ ಹೋಲಿಸುತ್ತದೆ. ಚಾಳುಕ್ಯ ಸೋಮೇಶ್ವರನ ಮಾನಸೋಲ್ಲಾಸ ಭೋಗವನ್ನೇ ವರ್ಣಿಸುವ ಗ್ರಂಥ, ಆದರೂ ಅದು ವಿಲೇಪನವನ್ನು ಋತುವಿಗೆ ತಕ್ಕಂತೆ ಬೇರೆ ಬೇರೆಯಾಗಿ ಹೇಳುತ್ತದೆ. ಉಮಾಸ್ವಾತಿ ಹಿಂಸೆಯನ್ನು ವಿವರಿಸುವಾಗ ಪ್ರಮಾದವನ್ನು, ಎಂದರೆ ಎಚ್ಚರಗೇಡಿತನವನ್ನು, ಅದರ ಮೂಲದಲ್ಲಿಡುತ್ತಾನೆ. ಗಿಡಕ್ಕೆ ಪ್ರಮಾದವಿಲ್ಲ. ಅದು ಮಾರುವವರದು, ಕೊಳ್ಳುವವರದು, ಮತ್ತು ಅರ್ಥ ಹೇಳುವವರದು.

ಕೊನೆಯ ಮಾತು ನನ್ನಂತಹವರಿಗೆ ಅನ್ವಯಿಸುತ್ತದೆ. ಶಾಸ್ತ್ರಗ್ರಂಥಗಳ ಸಂಪಾದನೆಯಲ್ಲಿ ನಾವು ಪಾಠಾಂತರಕ್ಕೆ ಕೊಡುವ ಶ್ರಮದ ಒಂದು ಪಾಲನ್ನು ದ್ರವ್ಯನಿರ್ಣಯಕ್ಕೆ ಕೊಡಬೇಕು. ಅರ್ಥಕೋಶದಲ್ಲಿ ಗಿಡದ ಶಾಸ್ತ್ರೀಯನಾಮ, ಪ್ರಾದೇಶಿಕ ಹೆಸರು, ಬಳಸುವ ಅಂಗ, ಶೋಧನೆ, ನಿಷೇಧ ಇವೆಲ್ಲವೂ ಇರಬೇಕು. ಗುರುತು ಸಂದಿಗ್ಧವಾಗಿದ್ದರೆ ಸಂದಿಗ್ಧವೆಂದೇ ಬರೆಯಬೇಕು. ಸಸ್ಯಶಾಸ್ತ್ರದ ಅಧ್ಯಾಪಕರು ಅದೇ ಕಾಲೇಜಿನ ಪಕ್ಕದ ಕೊಠಡಿಯಲ್ಲಿರುತ್ತಾರೆ. ಅವರನ್ನು ಕೇಳುವ ಪದ್ಧತಿ ಕನ್ನಡ ವಿಭಾಗಗಳಲ್ಲಿ ಬೆಳೆದಿಲ್ಲ.

ವಿದ್ಯಾರ್ಥಿನಿಯ ಕಲೆಗಳು ಮಾಸಲು ಸುಮಾರು ಎಂಟು ತಿಂಗಳು ಹಿಡಿದವು. ಆಕೆ ಕಿರುಪ್ರಬಂಧವನ್ನು ಬಿಡಲಿಲ್ಲ. ಅದರ ಕೊನೆಯಲ್ಲಿ ದ್ರವ್ಯಸೂಚಿಯೊಂದನ್ನು ಸೇರಿಸಿ, ಪ್ರತಿಯೊಂದು ಹೆಸರಿನ ಎದುರು 'ಎಚ್ಚರಿಕೆ' ಎಂಬ ಪ್ರತ್ಯೇಕ ಅಂಕಣ ಹಾಕಿದ್ದಾಳೆ. ಬಾವಂಚಿಯ ಎದುರು ಹೀಗೆ ಬರೆದಿದ್ದಾಳೆ: ತೊನ್ನಿನ ಚಿಕಿತ್ಸೆಗೆ ಹೇಳಿದ್ದು; ಸೌಂದರ್ಯಕ್ಕಲ್ಲ; ವೈದ್ಯರಿಲ್ಲದೆ ಹಚ್ಚಬಾರದು; ಹಚ್ಚಿದ ಮೇಲೆ ಬಿಸಿಲಿಗೆ ಹೋಗಬಾರದು. ನನ್ನ ಮೇಜಿನ ಮೇಲಿನ ಅರ್ಥಕೋಶದಲ್ಲಿ 'ಒಂದು ಬಗೆಯ ಗಿಡ' ಎಂಬ ಮಾತಿನ ಪಕ್ಕಕ್ಕೆ ಆ ನಾಲ್ಕು ವಾಕ್ಯಗಳನ್ನು ನಾನೂ ಬರೆದುಕೊಂಡಿದ್ದೇನೆ.